ತಪ್ಪಿಗೊಂದು ಚಪ್ಪಾಳೆ

ಪತ್ರದಲ್ಲಿ ಇದ್ದದ್ದು ಆರೇ ಸಾಲು. ಮೊದಲ ನಾಲ್ಕು ಸಾಲು ಹೊಗಳಿಕೆ. ಐದನೆಯದರಲ್ಲಿ "ವಯೋಸಹಜ ತಪ್ಪುಗಳು" ಎಂಬ ಮಾತು. ಆರನೆಯದರಲ್ಲಿ, ತಿಂಗಳ ಕೊನೆಯೊಳಗೆ ಧ್ವನಿಕೋಣೆಯ ಬೀಗದ ಕೈಯನ್ನು ಕಚೇರಿಗೆ ಒಪ್ಪಿಸಬೇಕೆಂಬ ವಿನಂತಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕೆಲಸ ಮುಗಿಸಿದ್ದರು ಮ್ಯಾನೇಜರು. ಓದಮ್ಮ ಕನ್ನಡಕ ಒರೆಸಿಕೊಂಡು ಪತ್ರವನ್ನು ಎರಡನೆಯ ಸಲ ಓದಿದಳು, ಮೂರನೆಯ ಸಲ ಗಟ್ಟಿಯಾಗಿ ಓದಿದಳು. ಎಲ್ಲೂ ನಾಲಿಗೆ ತೊಡರಲಿಲ್ಲ. ಆಮೇಲೆ ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಓದಮ್ಮ ಎಂಬುದು ಅವಳಿಗೆ ಕೇಳುಗರು ಇಟ್ಟ ಹೆಸರು. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ಧ್ವನಿಮುದ್ರಿಸಿ ಕಳಿಸುವ ಸಂಸ್ಥೆ ಅದು. ಶಾಲೆಯಲ್ಲಿ ಮೇಷ್ಟರಾಗಿದ್ದವಳು ಅಲ್ಲಿಂದ ನಿವೃತ್ತಳಾದ ಮೇಲೆ ಇಲ್ಲಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಎರಡನೆಯ ಮಹಡಿಯ ಮೂಲೆಯಲ್ಲಿ, ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಹೊಡೆದ, ಒಂದು ಕುರ್ಚಿ ಒಂದು ಮೇಜು ಹಿಡಿಸುವಷ್ಟು ಕೋಣೆ. ಫ್ಯಾನ್ ಹಾಕುವಂತಿಲ್ಲ, ಬಳೆ ತೊಡುವಂತಿಲ್ಲ, ಹೊಟ್ಟೆ ಗುರುಗುಟ್ಟುವಂತಿಲ್ಲ. ಕಾದಂಬರಿ, ಚರಿತ್ರೆ, ಕಾನೂನು, ಹೆರಿಗೆಯ ಪಾಠ, ಜೇನು ಸಾಕಣೆ, ಕೊಟ್ಟದ್ದನ್ನೆಲ್ಲ ಓದಿದ್ದಳು. ಅವಳ ಗಂಡ ಬದುಕಿದ್ದಾಗ, ನೀನು ಮನೆಯಲ್ಲಿ ಮಾತಾಡದಿರುವುದಕ್ಕೆ ಈಗ ಕಾರಣ ಸಿಕ್ಕಿತು ಎಂದು ರೇಗಿಸುತ್ತಿದ್ದ.

ಓದುವಾಗ ತಪ್ಪದವರು ಯಾರೂ ಇಲ್ಲ. ತಪ್ಪಿದಾಗ ಏನು ಮಾಡಬೇಕು ಎಂಬುದಕ್ಕೆ ಅಲ್ಲಿ ಒಂದು ಪದ್ಧತಿಯಿತ್ತು. ತಪ್ಪಿದ ಕೂಡಲೇ ಓದುವವರು ಒಂದು ಚಪ್ಪಾಳೆ ತಟ್ಟಬೇಕು, ಒಂದು ಉಸಿರು ಬಿಟ್ಟು, ಅದೇ ವಾಕ್ಯವನ್ನು ಮೊದಲಿನಿಂದ ಓದಬೇಕು. ಕಂಪ್ಯೂಟರಿನ ಪರದೆಯ ಮೇಲೆ ಧ್ವನಿಯು ಸಣ್ಣ ಅಲೆಗಳಂತೆ ಕಾಣುತ್ತದೆ. ಚಪ್ಪಾಳೆ ಮಾತ್ರ ಮೊಳೆ ಹೊಡೆದಂತೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಕತ್ತರಿಸುವವರು ಮೊಳೆ ಕಂಡಲ್ಲಿ ಅದರ ಹಿಂದಿನ ವಾಕ್ಯವನ್ನು ತೆಗೆದರೆ ಆಯಿತು, ಉಳಿಯುವುದು ಸರಿಯಾದ ಓದು. ಓದಮ್ಮನಿಗೆ ಇನ್ನೊಂದು ಸ್ವಂತ ಅಭ್ಯಾಸವೂ ಇತ್ತು. ಚಪ್ಪಾಳೆ ತಟ್ಟಿದ ಕೈಯಲ್ಲೇ ಪುಸ್ತಕದ ಅಂಚಿಗೆ ಪೆನ್ಸಿಲಿನಿಂದ ಒಂದು ಸಣ್ಣ ಗೀಟು ಎಳೆಯುತ್ತಿದ್ದಳು. ಮೇಷ್ಟರ ಕೈ, ತಪ್ಪು ಕಂಡರೆ ಗುರುತು ಹಾಕದೆ ಇರಲಾರದು.

ಈ ಕತ್ತರಿಸುವ ಕೆಲಸಕ್ಕೆ ಮೂರು ತಿಂಗಳ ಹಿಂದೆ ಹೊಸಬ ಬಂದಿದ್ದ. ಮ್ಯಾನೇಜರ ಮಗಳ ಗಂಡ. ಕಚೇರಿಗೆ ಕಚೇರಿಯೇ ಅವನನ್ನು ಅಳಿಯಂದಿರು ಎಂದು ಕರೆಯುತ್ತಿತ್ತು, ಅವನೂ ಅದನ್ನು ಪದವಿಯೆಂದೇ ತಿಳಿದಿದ್ದ. ಬಂದ ಮೊದಲ ವಾರವೇ ಧ್ವನಿಕೋಣೆಯ ಹೊರಗಿನ ಕಂಪ್ಯೂಟರಿನ ಮುಂದೆ ಅರ್ಧ ದಿನ ಕೂತು, ಅದು ಎಚ್ಚರಗೊಳ್ಳುವ ಮೊದಲು ತೋರಿಸುವ ನೀಲಿ ಪರದೆಯಲ್ಲಿ ಏನೇನೋ ಒತ್ತಿ, "ಇನ್ನು ನೋಡಿ ಹೇಗೆ ಓಡುತ್ತೆ" ಎಂದಿದ್ದ. ಓಡಿತು ಕೂಡ. ಮೊದಲು ಎರಡು ದಿನ ಹಿಡಿಯುತ್ತಿದ್ದ ಅಧ್ಯಾಯ ಒಂದೇ ಮಧ್ಯಾಹ್ನದಲ್ಲಿ ಮುಗಿಯತೊಡಗಿತು. ಮ್ಯಾನೇಜರು ಅದನ್ನು ಏರುಗೆರೆಯ ಒಂದು ನಕ್ಷೆ ಮಾಡಿಸಿ ತಮ್ಮ ಕುರ್ಚಿಯ ಹಿಂದೆ ಕಟ್ಟು ಹಾಕಿಸಿ ನೇತುಹಾಕಿದರು.

ವೇಗ ಎಂಬುದು ಒಂದು ಸಲ ತಲೆಗೆ ಹತ್ತಿದರೆ ಇಳಿಯುವುದು ಕಷ್ಟ. ಮುಂದಿನ ವಾರ ಮ್ಯಾನೇಜರು ಫೋನಣ್ಣನನ್ನು ಕೇಳುವ ಕುರ್ಚಿಯಿಂದ ಎಬ್ಬಿಸಿದರು. ಹುಟ್ಟಿನಿಂದ ಕಣ್ಣಿಲ್ಲದ ಈತ, ಪ್ರತಿ ಪುಸ್ತಕವೂ ಹೊರಗೆ ಹೋಗುವ ಮುನ್ನ ಮೊದಲಿನಿಂದ ಕೊನೆಯವರೆಗೆ ಕೇಳಿ ಒಪ್ಪಿಗೆ ಕೊಡುತ್ತಿದ್ದವನು. ಎಲ್ಲವೂ ಪರದೆಯ ಮೇಲೆ ಕಾಣುವಾಗ ಕೇಳುತ್ತ ಕೂರುವುದು ದಂಡ ಎಂದು ತೀರ್ಮಾನವಾಯಿತು. ಕೆಳಗಿನ ಮಹಡಿಯಲ್ಲಿ ಫೋನ್ ಎತ್ತುವುದಕ್ಕೆ ಕೂರಿಸಿದರು, ಹೆಸರೂ ಅಲ್ಲಿಂದಲೇ ಬಂತು. ಕಣ್ಣಿಲ್ಲದವರು ಕೇಳುವ ಪುಸ್ತಕವನ್ನು ಕಣ್ಣಿನಿಂದ ನೋಡಿ ಕಳಿಸುವ ಏರ್ಪಾಡು ಇದು. ಹೇಳಿದರೆ ನಗಬೇಕು, ಆದರೆ ಅಲ್ಲಿ ಯಾರಿಗೂ ನಗು ಬರಲಿಲ್ಲ.

ಅಷ್ಟರಲ್ಲಿ ಕಂಪ್ಯೂಟರು ರಂಪ ಶುರು ಮಾಡಿತ್ತು. ದಿನಾ ಬೆಳಿಗ್ಗೆ ಎಚ್ಚರವಾಗುವ ಮುನ್ನ, ಡಿಸ್ಕಿನಲ್ಲಿ ದೋಷವಿದೆ, ಪರೀಕ್ಷಿಸುತ್ತಿದ್ದೇನೆ ಎಂದು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಉದುರಿಸುತ್ತಿತ್ತು. ಎರಡು ಸಲ ಪೂರ್ತಿ ಕೈಕೊಟ್ಟಿತು. ಎರಡು ಸಲವೂ ಅಳಿಯ ಹಾರ್ಡ್ ಡಿಸ್ಕ್ ಬದಲಾಯಿಸಿ, ಹಳೆಯದಕ್ಕೆ "ಹಾಳು" ಎಂದು ಚೀಟಿ ಅಂಟಿಸಿ ಡ್ರಾಯರಿಗೆ ಎಸೆದ. ಹಾಳು ಮಾಡಿದ್ದು ಯಾರು? ಬೆಳಿಗ್ಗೆ ಹೊತ್ತು ಅದನ್ನು ಮುಟ್ಟುತ್ತಿದ್ದವಳು ಓದಮ್ಮ ಒಬ್ಬಳೇ. ಆಫ್ ಮಾಡುವ ಕ್ರಮ ಅವರಿಗೆ ಗೊತ್ತಿಲ್ಲ, ಅರ್ಧದಲ್ಲಿ ಸ್ವಿಚ್ ತೆಗೆಯುತ್ತಾರೆ ಎಂದು ಅಳಿಯ ಮಾವನ ಕಿವಿಗೆ ಹಾಕಿದ. ಹೀಗೆ ಮೊದಲ ಗೂಬೆಯನ್ನು ಅವಳ ತಲೆಯ ಮೇಲೆ ಕೂರಿಸಿದ್ದಾಯಿತು.

ಎರಡನೆಯದು ಇನ್ನೂ ದೊಡ್ಡದು. ಪತ್ರದ ಜೊತೆ ಒಂದು ಪಟ್ಟಿ ಇಟ್ಟಿದ್ದರು. ಓದಮ್ಮನ ತಪ್ಪುಗಳ ಪಟ್ಟಿ. ಮೂರು ತಿಂಗಳ ಹಿಂದೆ ಅಧ್ಯಾಯಕ್ಕೆ ಹತ್ತೋ ಹನ್ನೆರಡೋ ಇದ್ದ ಚಪ್ಪಾಳೆ ಈಗ ತೊಂಬತ್ತು ದಾಟಿದೆ, ಆದ್ದರಿಂದ ಓದಮ್ಮನಿಗೆ ವಯಸ್ಸಾಗಿದೆ. ಇಷ್ಟೇ ಲೆಕ್ಕಾಚಾರ. ನಿನ್ನೆ ಓದಿದ ಕಾನೂನು ಪುಸ್ತಕದ ಒಂಬತ್ತನೆಯ ಅಧ್ಯಾಯದ ಮುಂದೆ ತೊಂಬತ್ತನಾಲ್ಕು ಎಂದು ಬರೆದಿತ್ತು. ಓದಮ್ಮ ಪುಸ್ತಕ ತೆಗೆದು ಅಂಚಿನ ಗೀಟುಗಳನ್ನು ಬೆರಳಿಟ್ಟು ಎಣಿಸಿದಳು. ಹನ್ನೊಂದು. ಹಿಂದಿನಿಂದ ಮುಂದಕ್ಕೆ ಎಣಿಸಿದರೂ ಹನ್ನೊಂದೇ.

ಪುಸ್ತಕವನ್ನು ಎತ್ತಿಕೊಂಡು ಅವಳು ಮೊದಲು ಹೋದದ್ದು ಮ್ಯಾನೇಜರ ಕೋಣೆಗೆ. ಅವರು ಗೀಟುಗಳನ್ನು ನೋಡಿ ಮುಗುಳ್ನಕ್ಕರು. ತಪ್ಪು ಮಾಡಿದ್ದೇ ನೆನಪಿರುವುದಿಲ್ಲ, ಇನ್ನು ಗೀಟು ಹಾಕುವುದು ಎಲ್ಲಿ ನೆನಪಿರುತ್ತದೆ ಎಂದು ಬಹಳ ಮೆದುವಾಗಿ ಹೇಳಿದರು. ತಮ್ಮ ತಾಯಿಗೂ ಹಾಗೇ ಆಗಿತ್ತಂತೆ. ನೀರು ತರಿಸಲೇ ಎಂದು ಕೇಳಿದರು. ಅವಳಿಗೆ ಆ ನೀರಿನ ಲೋಟವನ್ನು ಏರುಗೆರೆಯ ನಕ್ಷೆಗೆ ಗುರಿಯಿಟ್ಟು ಎಸೆಯಬೇಕೆನ್ನಿಸಿತು. ಹಲ್ಲು ಕಚ್ಚಿಕೊಂಡು ಕೆಳಗಿಳಿದು ಬಂದಳು.

ಫೋನಣ್ಣ ಪತ್ರವನ್ನು ಅವಳ ಬಾಯಿಂದಲೇ ಓದಿಸಿಕೊಂಡ. ಊಟದ ಹೊತ್ತಿಗೆ ಅಳಿಯ ಹೊರಗೆ ಹೋಗುತ್ತಾನಲ್ಲ, ಆಗ ನನ್ನನ್ನು ಮೇಲಕ್ಕೆ ಕರೆದುಕೊಂಡು ಹೋಗಿ ನಿನ್ನೆಯದನ್ನು ಕೇಳಿಸಿ ಎಂದ. ಇನ್ನೂ ಕತ್ತರಿಸದೆ ಉಳಿದಿದ್ದದ್ದು ಅದೊಂದೇ. ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಗಲ್ಲ ಎದೆಗೆ ತಾಗುವಷ್ಟು ತಲೆ ಬಗ್ಗಿಸಿ ಕೂತ. ಐದು ನಿಮಿಷವೂ ಆಗಿರಲಿಲ್ಲ, ಹೆಡ್‌ಫೋನ್ ತೆಗೆದ.

"ಅಕ್ಕ, ಇದರಲ್ಲಿ ನಿಮ್ಮ ಕೈ ಒಂದೇ ಸಲ ಬಂತು. ಮಿಕ್ಕಿದ್ದೆಲ್ಲ ಬೇರೆ ಏನೋ."

"ಹೆಂಗೆ ಗೊತ್ತು?"

"ಚಪ್ಪಾಳೆ ತಟ್ಟಿದ್ರೆ ಕೋಣೆ ಕೇಳ್ಸುತ್ತೆ. ಎಷ್ಟೇ ಸ್ಪಂಜು ಹೊಡೀಲಿ, ಸದ್ದಿಗೊಂದು ಬಾಲ ಇದ್ದೇ ಇರುತ್ತೆ. ಇದಕ್ಕೆ ಬಾಲನೂ ಇಲ್ಲ, ಕೋಣೆನೂ ಇಲ್ಲ. ಟಪ್ ಅಂತ ಬಂದು ಸತ್ತೋಗುತ್ತೆ. ಇದು ಮನುಷ್ಯರು ಮಾಡಿದ ಸದ್ದಲ್ಲ."

ಆಗ ಓದಮ್ಮನಿಗೆ ಇನ್ನೊಂದು ಹೊಳೆಯಿತು. ಚಪ್ಪಾಳೆ ಕಂಡಲ್ಲೆಲ್ಲ ಅಳಿಯ ಹಿಂದಿನ ವಾಕ್ಯ ಕತ್ತರಿಸುತ್ತಾನೆ. ತಾನು ತಟ್ಟಿದ್ದು ಹನ್ನೊಂದು, ಆ ಹನ್ನೊಂದನ್ನು ಮತ್ತೆ ಓದಿದ್ದಾಳೆ. ಮಿಕ್ಕ ಎಂಬತ್ತಮೂರು ವಾಕ್ಯ ಸರಿಯಾಗಿದ್ದವು. ಅವನ್ನು ಅವಳು ಎರಡನೆಯ ಸಲ ಓದಿಯೇ ಇಲ್ಲ. ಕತ್ತರಿಸಿದರೆ ಅವು ಹೋದಂತೆಯೇ. ಮೂರು ತಿಂಗಳಿಂದ, ಮುಗಿದ ಹಾಗೆ ಕಳಿಸುತ್ತಿದ್ದ ಈ ಕಾನೂನು ಪುಸ್ತಕದ ಎಂಟು ಅಧ್ಯಾಯವೂ ಸೇರಿ, ಏಳು ಪುಸ್ತಕ ಹೀಗೆ ಅಂಗಹೀನವಾಗಿ ಮನೆಮನೆಗೆ ಹೋಗಿವೆ. ಕಿವಿಗಿಟ್ಟು ಕೇಳಿದ್ದರೆ ಮೊದಲ ಪುಟದಲ್ಲೇ ಗೊತ್ತಾಗುತ್ತಿತ್ತು. ಕೇಳುವವನನ್ನು ಕೆಳಗೆ ಕೂರಿಸಿ, ನೋಡುವವನ ಕೈಗೆ ಕತ್ತರಿ ಕೊಟ್ಟಿದ್ದರು.

ಅವಳು ಇದನ್ನು ಹೇಳಿದ ಮೇಲೆ ಫೋನಣ್ಣನೂ ತನಗೆ ಗೊತ್ತಿದ್ದನ್ನು ಬಿಚ್ಚಿದ. ಕೇಳುಗರು ದಿನಾ ಫೋನ್ ಮಾಡುತ್ತಿದ್ದರಂತೆ. ಕಥೆ ಹಾರಿಹಾರಿ ಹೋಗುತ್ತದೆ, ಪಾಠ ತುಂಡು ತುಂಡಾಗಿದೆ ಎಂದು. ಅವನು ಪ್ರತಿಯೊಂದನ್ನೂ ಬ್ರೈಲಿನಲ್ಲಿ ಚುಕ್ಕೆ ಒತ್ತಿ ಬರೆದು ಮ್ಯಾನೇಜರ ಮೇಜಿಗೆ ಕಳಿಸಿದ್ದ. ಮ್ಯಾನೇಜರಿಗೆ ಬ್ರೈಲ್ ಓದಲು ಬರುವುದಿಲ್ಲ. ಓದಿ ಹೇಳು ಎಂದು ಅವನನ್ನು ಒಂದು ದಿನವೂ ಕರೆಯಲಿಲ್ಲ. ಅವನೇ ಒಂದೆರಡು ಸಲ ಹೋಗಿ ಬಾಯಿಬಿಟ್ಟು ಹೇಳಿದಾಗ, ಓದಮ್ಮ ಸಾಲು ಬಿಡುತ್ತಿದ್ದಾರೆ, ಪಾಪ, ವಯಸ್ಸು ಎಂಬ ಉತ್ತರ ಬಂತು. ಅದನ್ನು ಅವಳಿಗೆ ಹೇಳಿ ನೋಯಿಸುವುದು ಬೇಡವೆಂದು ಫೋನಣ್ಣ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. "ಕಾನೂನು ಓದೋ ಹುಡುಗಿ ಒಬ್ಳು ಮಾಡಿದ್ಲು ಅಕ್ಕ," ಎಂದ. "ಪರೀಕ್ಷೇಲಿ ಫೇಲಾದ್ಲಂತೆ. ನಿಯಮ ಬರೆದಿದಾಳೆ, ಅದು ಯಾರಿಗೆ ಅನ್ವಯಿಸಲ್ಲ ಅನ್ನೋದು ಬರೆದಿಲ್ಲ. ಆ ಸಾಲು ಪುಸ್ತಕದಲ್ಲಿ ಇತ್ತಾ, ಇಲ್ಲಾ ನಾನೇ ಮರೆತ್ನಾ ಅಂತ ಕೇಳಿದ್ಲು. ಓದಮ್ಮ ಓದಿದ್ದು ಅಂದ್ಮೇಲೆ ನಾನೇ ಮರೆತಿರ್ಬೇಕು ಬಿಡಿ ಅಂದು ಇಟ್ಬಿಟ್ಲು."

ಓದಮ್ಮ ಪುಸ್ತಕದ ಆ ಪುಟ ತೆಗೆದಳು. "ಆದರೆ ಈ ನಿಯಮವು ಕೆಳಕಂಡವರಿಗೆ ಅನ್ವಯಿಸತಕ್ಕದ್ದಲ್ಲ" ಎಂಬ ಸಾಲು ಅಲ್ಲೇ ಇತ್ತು. ಅಂಚಿನಲ್ಲಿ ಗೀಟು ಇರಲಿಲ್ಲ. ಅವಳು ಅದನ್ನು ಮೊದಲ ಸಲಕ್ಕೇ ಸರಿಯಾಗಿ ಓದಿದ್ದಳು. ಆ ಹುಡುಗಿ ಎಲ್ಲೋ ಒಂದು ಕೋಣೆಯಲ್ಲಿ ಕೂತು ತನ್ನ ತಲೆಯನ್ನೇ ಬೈದುಕೊಳ್ಳುತ್ತಿದ್ದಾಳೆ ಎಂದುಕೊಂಡು, ಓದಮ್ಮ ಆ ಸಾಲನ್ನು ಖಾಲಿ ಕೋಣೆಯ ಕಡೆ ತಿರುಗಿ ಎರಡು ಸಲ ಗಟ್ಟಿಯಾಗಿ ಓದಿದಳು. ಮ್ಯಾನೇಜರು ಆಗ ನೋಡಿದ್ದರೆ ಅದಕ್ಕೂ ವಯಸ್ಸನ್ನೇ ಕಾರಣ ಮಾಡುತ್ತಿದ್ದರು.

ಫೋನಣ್ಣನ ತಂಗಿ ಎರಡು ರಸ್ತೆ ಆಚೆ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಳು. ಕಡಿಮೆ ಮಾತಿನವಳು, ಸ್ಕ್ರೂಡ್ರೈವರನ್ನು ಪೆನ್ನಿನ ಹಾಗೆ ಕಿವಿಗೆ ಸಿಕ್ಕಿಸಿಕೊಂಡೇ ಓಡಾಡುವವಳು. ಮರುದಿನ ಅಳಿಯ ಮದುವೆಯೊಂದಕ್ಕೆ ರಜೆ ಹಾಕಿದ್ದು ಅನುಕೂಲವಾಯಿತು. ಅವಳು ಬಂದವಳೇ ಮೊದಲು ಡ್ರಾಯರಿನಲ್ಲಿದ್ದ ಎರಡು "ಹಾಳು" ಡಿಸ್ಕುಗಳನ್ನು ತಾನು ತಂದಿದ್ದ ಯಂತ್ರಕ್ಕೆ ಜೋಡಿಸಿ ಆರಂಭದಿಂದ ಕೊನೆಯವರೆಗೆ ಪರೀಕ್ಷೆ ಮಾಡಿದಳು. ಎರಡೂ ಗುಂಡುಕಲ್ಲಿನ ಹಾಗಿದ್ದವು, ಒಂದು ಚುಕ್ಕೆ ದೋಷವಿಲ್ಲ. ಆಮೇಲೆ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿ, ಅಳಿಯ ಕೈಯಾಡಿಸಿದ್ದ ಆ ನೀಲಿ ಪರದೆಗೆ ಹೋದಳು. ನೋಡುತ್ತ ನೋಡುತ್ತ ಅವಳ ಹುಬ್ಬು ಮೇಲೇರಿತು.

ವಿಷಯ ಇಷ್ಟು. ಯಂತ್ರದೊಳಗೆ ಎಲ್ಲ ಭಾಗಗಳೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತವೆ. ಅಳಿಯ ಆ ತಾಳವನ್ನೇ ಜೋರು ಮಾಡಿದ್ದ. ಲೆಕ್ಕ ಮಾಡುವ ಭಾಗ ಹೇಗೋ ತಡೆದುಕೊಂಡಿತು. ಡಿಸ್ಕಿಗೆ ಹೋಗಿಬರುವ ದಾರಿ ಅದೇ ತಾಳಕ್ಕೆ ಕಟ್ಟುಬಿದ್ದದ್ದು, ಅದರ ಕೈಲಿ ಆಗಲಿಲ್ಲ. ಬರೆಯುವಾಗ ಅಲ್ಲೊಂದು ಇಲ್ಲೊಂದು ಅಂಕಿ ಜಾರಿತು, ಓದುವಾಗಲೂ ಜಾರಿತು. ಜಾರಿದ ಒಂದೊಂದು ಅಂಕಿಯೂ ಧ್ವನಿಯಲ್ಲಿ ಒಂದು ಟಪ್, ಪರದೆಯಲ್ಲಿ ಒಂದು ಮೊಳೆ. ಓದಮ್ಮನಿಗೆ ಇದು ತನ್ನ ಹಳೆಯ ತರಗತಿಯ ಹಾಗೆ ಕಂಡಿತು. ಉಕ್ತಲೇಖನವನ್ನು ಓಡೋಡುತ್ತ ಹೇಳಿ, ಮಕ್ಕಳು ಅಕ್ಷರ ಬಿಟ್ಟರೆ ಪೆನ್ಸಿಲ್ ಸರಿಯಿಲ್ಲ ಎಂದು ಪೆನ್ಸಿಲ್ ಬದಲಾಯಿಸಿದ ಹಾಗೆ.

"ಇದನ್ನ ಈಗ್ಲೇ ಸರಿಮಾಡ್ಲಾ?" ಎಂದು ತಂಗಿ ಕೇಳಿದಳು.

"ಬೇಡಮ್ಮ," ಎಂದಳು ಓದಮ್ಮ. "ಮೊದ್ಲು ಅವರ ಕಣ್ಮುಂದೆ ತಪ್ಪಲಿ."

ಅಳಿಯ ರಜೆ ಮುಗಿಸಿ ಬಂದ ದಿನ ಮ್ಯಾನೇಜರನ್ನೂ ಅವನನ್ನೂ ಕಂಪ್ಯೂಟರಿನ ಮುಂದೆ ಕೂರಿಸಲು ಸಾಕುಬೇಕಾಯಿತು. ಮ್ಯಾನೇಜರು ಗಡಿಯಾರ ನೋಡುತ್ತಲೇ ಕೂತರು. ತಂಗಿ ಒಂಬತ್ತನೆಯ ಅಧ್ಯಾಯವನ್ನು ಅದೇ ಡಿಸ್ಕಿನಲ್ಲಿ ಮೂರು ಸಲ ನಕಲು ಮಾಡಿ, ಮೂರನ್ನೂ ಪರದೆಯ ಮೇಲೆ ಒಂದರ ಕೆಳಗೊಂದು ತೆರೆದಳು. ಹನ್ನೊಂದು ಮೊಳೆಗಳು ಮೂರರಲ್ಲೂ ಒಂದೇ ಜಾಗದಲ್ಲಿ ನೆಟ್ಟಗೆ ನಿಂತಿದ್ದವು. ಮೊದಲ ದಿನ ಬರೆಯುವಾಗಲೇ ಕೆಟ್ಟು ಹೋದವು ಕೆಲವು, ಅವೂ ಕದಲಲಿಲ್ಲ. ಆದರೆ ಅವುಗಳ ನಡುವೆ ಮೂರು ಸಾಲಿನಲ್ಲಿ ಮೂರು ಬಗೆಯಾಗಿ ಹೊಸ ಮೊಳೆಗಳು ಎದ್ದಿದ್ದವು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿಲ್ಲ.

ಓದಮ್ಮ ಎದ್ದು ನಿಂತು, ಮೇಷ್ಟರ ಹಾಗೆ ಪೆನ್ಸಿಲಿನ ತುದಿಯಿಂದ ಪರದೆ ತೋರಿಸಿದಳು.

"ನಾನು ಓದಿದ್ದು ಒಂದೇ ಸಲ ಸಾರ್. ಆಮೇಲೆ ಮನೆಗೆ ಹೋಗಿದೀನಿ. ಈಗ ಹತ್ತು ನಿಮಿಷದಲ್ಲಿ ಈ ಚಪ್ಪಾಳೆ ಎಲ್ಲಾ ಯಾರು ತಟ್ಟಿದ್ರು? ಇದಕ್ಕೂ ವಯಸ್ಸಾಗಿದ್ಯಾ?"

ಅಳಿಯ ತಡವರಿಸಿದ. ಎಲ್ಲರೂ ಹೀಗೇ ವೇಗ ಹೆಚ್ಚಿಸುತ್ತಾರೆ, ತನ್ನ ಮನೆಯ ಕಂಪ್ಯೂಟರು ಹೀಗೇ ಓಡುತ್ತಿದೆ, ಡಿಸ್ಕುಗಳೇ ಕಳಪೆ ಎಂದ. ತಂಗಿ ನೀಲಿ ಪರದೆಗೆ ಹೋಗಿ, ತಾಳವನ್ನು ಯಂತ್ರ ಹುಟ್ಟುವಾಗ ಇದ್ದಂತೆ ಇಳಿಸಿ, ಮತ್ತೆ ಮೂರು ನಕಲು ಮಾಡಿದಳು. ಮೂರೂ ಅವಳಿಜವಳಿಗಳಂತೆ ಒಂದೇ ಆಗಿದ್ದವು. ಹಳೆಯ "ಹಾಳು" ಡಿಸ್ಕನ್ನು ಹಾಕಿಯೂ ಮಾಡಿ ತೋರಿಸಿದಳು, ಅದೂ ಹಾಗೇ. ಅಳಿಯನ ಮುಖ ಹುಳ್ಳಗಾಯಿತು.

ಮ್ಯಾನೇಜರು ಗಂಟಲು ಸರಿಮಾಡಿಕೊಂಡು ತಿಪ್ಪೆ ಸಾರಿಸಲು ಶುರು ಮಾಡಿದರು. ಆದದ್ದು ಆಯಿತು, ಪತ್ರವನ್ನು ಬಂದೇ ಇಲ್ಲ ಎಂದು ತಿಳಿಯಿರಿ, ನಾಳೆಯಿಂದ ಎಂದಿನಂತೆ ಬನ್ನಿ, ಹೊರಗೆ ಮಾತ್ರ ಯಾರಿಗೂ ಗೊತ್ತಾಗುವುದು ಬೇಡ, ಸಂಸ್ಥೆಯ ಮರ್ಯಾದೆಯ ಪ್ರಶ್ನೆ ಎಂದರು. ಓದಮ್ಮ ಬೀಗದ ಕೈಯನ್ನು ಚೀಲದಿಂದ ತೆಗೆದು ಮೇಜಿನ ಮೇಲಿಟ್ಟಳು. ಅವರು ಅದನ್ನು ನೋಡಿ, ಇದೇನು, ಇದೇನು ಎಂದು ಅವಳ ಕಡೆಗೇ ತಳ್ಳಿದರು.

ಅವಳು ತನಗೆ ಬೇಕಾದ್ದನ್ನು ಹೇಳಿದಳು. ಏಳು ಪುಸ್ತಕವನ್ನೂ ತಾನು ಮತ್ತೆ ಮೊದಲಿನಿಂದ ಓದುತ್ತಾಳೆ. ಫೋನಣ್ಣ ತನ್ನ ಕುರ್ಚಿಗೆ ವಾಪಸ್ ಬರಬೇಕು, ಅವನ ಕಿವಿ ದಾಟದೆ ಒಂದು ಸಾಲೂ ಹೊರಗೆ ಹೋಗಕೂಡದು. ಇವೆರಡಕ್ಕೂ ಮ್ಯಾನೇಜರು ತಲೆಯಾಡಿಸಿದರು. ಮೂರನೆಯದು, ಏಳು ಪುಸ್ತಕ ತರಿಸಿಕೊಂಡ ಎಲ್ಲರಿಗೂ ನಡೆದದ್ದನ್ನು ತಿಳಿಸಬೇಕು, ಅದನ್ನು ಮ್ಯಾನೇಜರೇ ತಮ್ಮ ದನಿಯಲ್ಲಿ ಓದಿ ಕಳಿಸಬೇಕು. ಅವರು ಇದಕ್ಕೆ ಸುತರಾಂ ಒಪ್ಪಲಿಲ್ಲ. ಒಂದು ಕಾಗದ ಬರೆದು ಹಾಕೋಣ ಎಂದರು.

"ಕಾಗದ ಯಾರು ಓದ್ತಾರೆ ಸಾರ್?" ಎಂದ ಫೋನಣ್ಣ ಮೂಲೆಯಿಂದ. ಅವನ ತೊಡೆಯ ಮೇಲೆ ಮ್ಯಾನೇಜರ ಕಡತದಿಂದಲೇ ತೆಗೆಸಿಕೊಂಡ ಅರವತ್ತಮೂರು ಬ್ರೈಲ್ ಹಾಳೆಗಳಿದ್ದವು. ಬೆರಳು ಮೇಲಿನ ಹಾಳೆಯ ಮೇಲೆ ಮೆಲ್ಲಗೆ ಓಡಾಡುತ್ತಿತ್ತು. "ಬೇಡ ಅಂದ್ರೆ ಬೇಡ. ಇವ್ರೆಲ್ಲಾ ನಾಳೆನೂ ಫೋನ್ ಮಾಡ್ತಾರೆ. ಹೊಸಬ್ರು ಸಿಗೋವರೆಗೆ ಫೋನ್ ಎತ್ತೋನು ನಾನೇ ಅಲ್ವಾ. ಕೇಳಿದೋರಿಗೆ ನಾನೇ ಹೇಳ್ತೀನಿ."

ಮ್ಯಾನೇಜರು ಧ್ವನಿಕೋಣೆಗೆ ಹೋದರು. ಆ ಪುಟ್ಟ ಕುರ್ಚಿಯಲ್ಲಿ ಅವರ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಓದಮ್ಮ ಬಾಗಿಲು ಎಳೆದುಕೊಂಡು ಪಕ್ಕದಲ್ಲಿ ನಿಂತಳು. ನಿಯಮ ಎಲ್ಲರಿಗೂ ಒಂದೇ, ತಪ್ಪಿದರೆ ಚಪ್ಪಾಳೆ, ಮತ್ತೆ ಮೊದಲಿನಿಂದ ಎಂದು ಹೇಳಿದಳು. ಅವರು ತಾವೇ ಬರೆದುಕೊಂಡು ಬಂದಿದ್ದನ್ನು ಓದತೊಡಗಿದರು.

"ಮಾನ್ಯ ಕೇಳುಗರೇ, ಕೆಲವು ತಾಂತ್ರಿಕ ಕಾರಣಗಳಿಂದಾಗಿ..."

ಓದಮ್ಮ ಚಪ್ಪಾಳೆ ತಟ್ಟಿದಳು. ಸಣ್ಣ ಕೋಣೆಯಲ್ಲಿ ಅದು ಕಪಾಳಕ್ಕೆ ಬಿದ್ದಂತೆ ಕೇಳಿಸಿತು.

"ಮಾನ್ಯ ಕೇಳುಗರೇ, ನಮ್ಮ ಯಂತ್ರದಲ್ಲಿ ಕಾಣಿಸಿಕೊಂಡ ಒಂದು ಸಣ್ಣ..."

ಚಪ್ಪಾಳೆ.

"ಮಾನ್ಯ ಕೇಳುಗರೇ, ನಮ್ಮ ಹಿರಿಯ ಓದುಗರ ವಯೋ..."

ಆ ಪದ ಮುಗಿಯುವುದಕ್ಕೂ ಅವಳು ಬಿಡಲಿಲ್ಲ. ನಾಲ್ಕನೆಯ ಸಲ ಅವರು ಇಡೀ ಓದಿ ಮುಗಿಸಿದ್ದರು, ಕೊನೆಯಲ್ಲಿ "ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ" ಎಂದರು. ಅದಕ್ಕೂ ಚಪ್ಪಾಳೆ ಬಿತ್ತು. ಮ್ಯಾನೇಜರ ಹಣೆ ಬೆವರಿತ್ತು, ಫ್ಯಾನ್ ಹಾಕುವಂತಿರಲಿಲ್ಲ. ಅವರು ತಮ್ಮ ಕಾಗದವನ್ನು ಮಗುಚಿಟ್ಟು ಬಾಯಿಮಾತಿನಲ್ಲೇ ಹೇಳಿದರು. ಬೇಗ ಮುಗಿಯಲಿ ಎಂದು ಯಂತ್ರದ ವೇಗ ಹೆಚ್ಚಿಸಿದ್ದು ನಾವು. ಅದು ಮಾಡಿದ ಸದ್ದನ್ನು ಓದುವವರ ತಪ್ಪು ಎಂದುಕೊಂಡೆವು. ಕೇಳಿ ನೋಡಲಿಲ್ಲ. ಸರಿಯಾದ ವಾಕ್ಯಗಳನ್ನು ಕತ್ತರಿಸಿ ನಿಮಗೆ ಕಳಿಸಿದೆವು. ನೀವು ಫೋನ್ ಮಾಡಿ ಹೇಳಿದಾಗಲೂ ಕೇಳಲಿಲ್ಲ. ಮರೆತದ್ದು ನೀವಲ್ಲ. ತಪ್ಪು ನನ್ನದು.

ಓದಮ್ಮನ ಎರಡು ಅಂಗೈಗಳೂ ಎದೆಯ ಮುಂದೆ ಸಿದ್ಧವಾಗಿಯೇ ಇದ್ದವು. ಅವಳು ಅವನ್ನು ಕೆಳಗಿಳಿಸಿದಳು.

ಮ್ಯಾನೇಜರು ಯಾರ ಮುಖವನ್ನೂ ನೋಡದೆ ಇಳಿದುಹೋದ ಮೇಲೆ ಫೋನಣ್ಣ ಮೂರು ತಿಂಗಳ ನಂತರ ತನ್ನ ಹಳೆಯ ಕುರ್ಚಿಯಲ್ಲಿ ಕೂತ. ಹೆಡ್‌ಫೋನ್ ಹಾಕಿಕೊಂಡು ಮೊದಲಿನಿಂದ ಕೊನೆಯವರೆಗೆ ಕೇಳಿದ.

"ನಾಲ್ಕು ಚಪ್ಪಾಳೆ," ಎಂದ. "ನಾಲ್ಕಕ್ಕೂ ಕೋಣೆ ಇದೆ. ಬೇರೆ ಒಂದೂ ಸದ್ದಿಲ್ಲ. ತಪ್ಪಿದ್ದನ್ನೆಲ್ಲ ಕತ್ತರಿಸಿ ಕೊನೇದನ್ನ ಮಾತ್ರ ಕಳಿಸ್ಲಾ ಅಕ್ಕ?"

"ಈ ಸಲ ಕತ್ತರಿ ಬೇಡ," ಎಂದಳು ಓದಮ್ಮ. "ಮೂರು ತಿಂಗಳು ಸರಿಯಾಗಿದ್ದನ್ನೆಲ್ಲ ಕತ್ತರಿಸಿದಾರೆ. ತಪ್ಪು ಒಂದು ಸಲನಾದ್ರೂ ಪೂರ್ತಿ ಕೇಳಿಸ್ಲಿ. ಮೊದ್ಲು ಆ ಹುಡುಗಿಗೆ ಕಳಿಸು."

ಅವಳು ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು, ಕಾನೂನು ಪುಸ್ತಕದ ಅಂಚಿನ ಗೀಟುಗಳನ್ನು ರಬ್ಬರಿನಿಂದ ಒಂದೊಂದಾಗಿ ಅಳಿಸಿ, ಮೊದಲನೆಯ ಅಧ್ಯಾಯ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.